ಅಮಾಸೆಗೆ ಹಾರದ ಟಿಕೆಟ್

ನನ್ನ ವಾರಗಿತ್ತಿ ಲತಾ ವಿಮಾನ ಹತ್ತಿದ್ದು ಒಂದೇ ಸಲ. ಇಳಿದಿದ್ದು ಮಾತ್ರ ಇವತ್ತಿಗೂ ಇಲ್ಲ. ತಾಳ್ಯದಲ್ಲಿ ಯಾರ ಮನೆ ನಾಮಕರಣಕ್ಕೆ ಹೋದರೂ ಅದೇ ಕಥೆ. "ಜೋಗಿಮಟ್ಟಿ ಗುಡ್ಡ ಮೇಲಿಂದ ಹೆಂಗೆ ಕಾಣ್ತೈತೆ ಗೊತ್ತೇನ್ರೇ? ಮಲಗಿರೋ ಕುರಿ ಹಿಂಡು!" ಅಷ್ಟು ಕೇಳಿದ್ದೇ ನಾನು ನೀರು ಕುಡಿಯೋ ನೆಪ ಮಾಡಿ ಎದ್ದು ಹೋಗ್ತಿದ್ದೆ. ಯಾಕಂದ್ರೆ ಅವಳು ಕೂತಿದ್ದ ಕಿಟಕಿ ಸೀಟು ನನ್ನದು.

ಹನ್ನೆರಡು ವರ್ಷದ ಹಿಂದೆ ಅವಳ ಗಂಡ, ನನ್ನ ಮೈದುನ ಮುದ್ದಣ್ಣ, ಬೆಳ್ಳಕ್ಕಿ ಏರ್ ಅನ್ನೋ ಕಂಪನಿಯಲ್ಲಿ ನಮ್ಮಿಬ್ಬರಿಗೂ ಬಸ್ ಚಾರ್ಜಿಗೇ ಟಿಕೆಟ್ ತೆಗೆಸಿದ್ದ, ಬೆಂಗಳೂರಿಂದ ಹುಬ್ಬಳ್ಳಿಗೆ. ನೋಡಿದರೆ ಆ ದಿನ ಅಮಾವಾಸ್ಯೆ.

"ಅಮಾಸೆ ದಿನ ನಾನು ಹೊಸಲು ದಾಟಲ್ಲಪ್ಪ. ನಂದು ಮುಂದಕ್ಕೆ ಹಾಕ್ಸು" ಅಂದೆ.

ಎರಡು ದಿನ ಮುಂದಕ್ಕೆ ಹಾಕಿಸಿದ. ಲತಾ ಅಮಾಸೆಗೇ ಹಾರಿದಳು, ಖಾಲಿ ಇದ್ದ ನನ್ನ ಸೀಟಿಗೆ ಸರಿದು ಕೂತಳು. ಮಾರನೇ ದಿನ ಕಂಪನಿಯೇ ಬಾಗಿಲು ಹಾಕಿತು. ಐದು ವರ್ಷ ಹಾರಿದ ನಾಲ್ಕೂ ವಿಮಾನ ಎಣ್ಣೆಗೆ ಗತಿಯಿಲ್ಲದೆ ನಿಂತವಂತೆ. ನನ್ನ ಟಿಕೆಟ್ ಟ್ರಂಕಿನಲ್ಲಿ ಮದುವೆ ಸೀರೆ ಅಡಿ ಸೇರಿತು.

ಮೊನ್ನೆ ದುರ್ಗದಿಂದ ಸುದೀಪ್ ಅನ್ನೋರು ಬಂದರು, ಮುಚ್ಚಿಹೋದ ವಿಮಾನ ಕಂಪನಿಗಳ ಮೇಲೆ ಯೂಟ್ಯೂಬ್ ವಿಡಿಯೋ ಮಾಡೋರು. ಲತಾ ರೇಷ್ಮೆ ಸೀರೆ ಉಟ್ಟು, ಕನಕಾಂಬರ ಮುಡಿದು ಕೂತಿದ್ದಳು.

"ಟಿಕೆಟ್ ಏನಾದ್ರೂ ಉಳಿದೈತಾ ಅಕ್ಕಾರೆ?"

"ನಂದು ಇಲಿ ತಿಂದ್ವು" ಅಂದು ಲತಾ ನನ್ನ ಕಡೆ ತಿರುಗಿದಳು. "ಅಕ್ಕಾ, ನಿಂದೈತಲ್ಲ, ಕೊಡು. ತೋರ್ಸೋಕಷ್ಟೆ."

ಕೊಟ್ಟರೆ ನನ್ನ ಟಿಕೆಟ್ ಮೇಲೂ ಇವಳೇ ಹಾರ್ತಾಳೆ ಅಂತ ಹೊಟ್ಟೆ ಉರಿಯಿತು. ಟ್ರಂಕಿಂದ ತೆಗೆದು ತಂದು, ಅವಳು ಚಾಚಿದ ಕೈ ದಾಟಿಸಿ ಸುದೀಪ್ ಕೈಗೇ ಕೊಟ್ಟೆ.

ಅವರು ತಾರೀಖು ನೋಡಿ ಎದ್ದೇ ನಿಂತರು. "ಕಂಪನಿ ಮುಚ್ಚಿದ ಮಾರನೇ ದಿನದ್ದು! ಹತ್ತಿದೋರು ಸಾವಿರ ಜನ ಸಿಗ್ತಾರೆ, ಇಂಥದ್ದು ಸಿಗಲ್ಲ. ಅಮ್ಮಾರೆ, ಕುಂತ್ಕಳ್ರಿ, ಯಾಕೆ ಹತ್ತಲಿಲ್ಲ ಹೇಳ್ರಿ."

ಕ್ಯಾಮೆರಾ ನನ್ನ ಕಡೆ ತಿರುಗಿತು. ಅಮಾಸೆ ಕಥೆ ಪೂರ್ತಿ ಹೇಳಿದೆ. ಲತಾ ಸೆರಗಿನ ಚುಂಗು ಸುತ್ತುತ್ತಾ ಕೂತಳು.

ಅವರು ಹೋದಮೇಲೆ ಗೊಣಗಿದಳು, "ಹತ್ತದೇ ಇದ್ದೋಳಿಗೆ ಏನ್ ಮರ್ಯಾದೆ! ನಾನೂ ಅಮಾಸೆ ಹಿಡಿದಿದ್ರೆ ಆಗಿತ್ತು."

"ಹೊಟ್ಟೆಕಿಚ್ಚೇನೇ?"

"ಹೂಂ ಮತ್ತೆ."

ಟಿಕೆಟ್ ಟ್ರಂಕಿಗಿಟ್ಟು ಬಂದು ಅವಳ ಪಕ್ಕ ಕೂತೆ. "ಹೇಳು, ಜೋಗಿಮಟ್ಟಿ ಆದ್ಮೇಲೆ ಏನು ಕಾಣ್ತು?"

"ಏನಿಲ್ಲ, ಬರೀ ಮೋಡ" ಅಂದಳು ಸಿಡುಕಿ.

ಅದಕ್ಕೂ ನನ್ನ ಹೊಟ್ಟೆ ಉರಿಯಿತು.