ಬಸ್ ಸ್ಟ್ಯಾಂಡ್ ಹತ್ತಿರ, ದೇವದುರ್ಗ

"ಅಡ್ರೆಸ್ ಹೇಳು ಭಾಯ್, ಅಡ್ರೆಸ್," ಎಂದ ರಾಯಚೂರಿನ ಸ್ಟಿಕ್ಕರ್ ಅಂಗಡಿಯ ಮುಷರ್ರಫ್. ಅವನ ಬೆರಳುಗಳು ಕೀಬೋರ್ಡಿನ ಮೇಲೆ ಕಾಯುತ್ತಿದ್ದವು. ಕಂಪ್ಯೂಟರಿನ ಪರದೆಯಲ್ಲಿ ಅಂಗೈಯಗಲದ ಸ್ಟಿಕ್ಕರು ಹೆಚ್ಚುಕಡಿಮೆ ತಯಾರಾಗಿತ್ತು: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ತೂಕ, ಫೋನ್ ನಂಬರು. ಮೂಲೆಯಲ್ಲಿ ಮುಷರ್ರಫ್ ಎಲ್ಲಿಂದಲೋ ಇಳಿಸಿ ಕೂರಿಸಿದ್ದ ಒಬ್ಬ ಅಜ್ಜಿ, ರೇಷ್ಮೆ ಸೀರೆ ಉಟ್ಟು ನಗುತ್ತಿದ್ದಳು. ಕೆಳಗೆ 'ತಯಾರಿಸಿದವರು' ಎಂದಿದ್ದ ಕಡೆ ಮುಂದೆಲ್ಲ ಖಾಲಿ.

ಅಂಬರೀಶ ಪರದೆಯ ಖಾಲಿ ಸಾಲನ್ನೇ ನೋಡಿದ. ದೇವದುರ್ಗದಿಂದ ರಾಯಚೂರಿಗೆ ಬರುವತನಕ ಬಸ್ಸಿನಲ್ಲಿ ಅವ್ವನ ಕಿವಿ ತೂತು ಬೀಳುವಂತೆ ಕೂಗಾಡಿದ್ದ. ಹಾಕಿಸಿದರೆ ಪೂರಾ ಅಡ್ರೆಸ್ಸೇ ಹಾಕಿಸುವುದು, ತಿನ್ನುವವರು ತಿನ್ನಲಿ, ಬಿಡುವವರು ಬಿಡಲಿ ಅಂದಿದ್ದ. ಈಗ ಫ್ಯಾನಿನ ಕೆಳಗೆ ಕೂತ ಮೇಲೆ ಆ ಹುರುಪು ಇಳಿದಿತ್ತು.

ಒಂದೂವರೆ ವರ್ಷ ವ್ಯಾಪಾರ ಚಲೋ ನಡೆದಿತ್ತು. ಅವ್ವ ಪಾರ್ವತೆಮ್ಮನ ಜೊತೆ ಓಣಿಯ ಬಸವಂತಮ್ಮ, ಇನ್ನಿಬ್ಬರು ಹೆಂಗಸರು ನಸುಕಿನಿಂದ ರೊಟ್ಟಿ ಬಡಿದು, ಶೇಂಗಾ ಪುಡಿಯ ಚಟ್ನಿ ಹಿಂಡಿ ಕುಟ್ಟುತ್ತಿದ್ದರು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟಿದ್ದ ಅಂಬರೀಶ ಫೋಟೊ ತೆಗೆದು ವಾಟ್ಸಾಪಿಗೆ ಹಾಕುತ್ತಿದ್ದ. ರಾಯಚೂರಿನ ಹೊಸ ಲೇಔಟಿನ ಸುಮಂಗಲಾ ಮೇಡಂ ಒಮ್ಮೆ ತಿಂದು ನೋಡಿ ತಮ್ಮ ಹೆಂಗಸರ ಗ್ರೂಪಿಗೆ ಅವನನ್ನು ಸೇರಿಸಿದ್ದರು. ಡಬ್ಬ ಬಸ್ಸಿನಲ್ಲಿ ಕಂಡಕ್ಟರನ ಕೈಯಲ್ಲಿ ಹೋಗುತ್ತಿತ್ತು, ಮೇಲೆ ಬರೀ ಫೋನ್ ನಂಬರು. ಯಾರೂ ಎಲ್ಲಿಂದ ಬಂತು ಅಂತ ಕೇಳಿರಲಿಲ್ಲ.

ಹುಬ್ಬಳ್ಳಿ, ಬಳ್ಳಾರಿಗೂ ಕಳಿಸೋಣವೆಂದು ಅವನು ಕೊರಿಯರಿನ ಆ್ಯಪು ಹಾಕಿಕೊಂಡದ್ದೇ ತಪ್ಪಾಯಿತು. ರಾಯಚೂರಿನ ಡಬ್ಬಗಳನ್ನೂ ಅದರಲ್ಲೇ ಕಳಿಸಿದ. ಆಧಾರ್ ಕಾರ್ಡಿನಲ್ಲಿದ್ದ ವಿಳಾಸವನ್ನು ಆ್ಯಪು ತಾನೇ ಎತ್ತಿಕೊಂಡು ಪ್ರತಿ ಡಬ್ಬದ ಮೇಲೂ ದಪ್ಪ ಅಕ್ಷರದಲ್ಲಿ ಒತ್ತಿತು: ಅಂಬೇಡ್ಕರ್ ನಗರ, ದೇವದುರ್ಗ. ಕಂಪನಿ ಮಾಲಿನ ಹಾಗೆ ಕಾಣುತ್ತದೆ ಎಂದು ಹಿಗ್ಗಿ ಅವನು ಓಣಿಯವರಿಗೆಲ್ಲ ತೋರಿಸಿದ್ದ.

ಒಂದೇ ವಾರದಲ್ಲಿ ಹದಿನಾರು ಮನೆಗೆ ಪಿತ್ತವಾಯಿತು. ಒಬ್ಬರಿಗೆ ಶುಗರು ಬಂತು, ಒಬ್ಬರಿಗೆ ಶೇಂಗಾ ಒಗ್ಗದಾಯಿತು, ಇನ್ನೊಬ್ಬರ ಅತ್ತೆ ಊರಿಂದ ಬುಟ್ಟಿಗಟ್ಟಲೆ ರೊಟ್ಟಿ ತಂದಳು. ಗ್ರೂಪಿನಲ್ಲಿ ಮಾರಾಟ ಬೇಡ ಅಂತಿದ್ದಾರಪ್ಪ ಎಂದು ಸುಮಂಗಲಾ ಮೇಡಂ ಕೈ ಮುಗಿಯುವ ಗೊಂಬೆ ಕಳಿಸಿ ಅವನನ್ನು ತೆಗೆದುಹಾಕಿದರು. ಜಾತಿಯ ಮಾತು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಎದುರು ನಿಂತು ಜಗಳವನ್ನಾದರೂ ಆಡಬಹುದಿತ್ತು. ಪಿತ್ತದ ಜೊತೆ ಏನಂತ ಜಗಳ ಆಡುವುದು?

ಆಗ ಅಂಬರೀಶನನ್ನು ಕರೆಸಿಕೊಂಡವನು ಮಾನ್ವಿಯ ಅಕ್ಕಿ ಗಿರಣಿಯ ಹಂಪಣ್ಣ. ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಅವನ ಹೆಸರಿನ ಮಾಲು ಆಗಲೇ ಓಡುತ್ತಿತ್ತು. ರೊಟ್ಟಿ, ಹಿಂಡಿ ಚೀಲದಲ್ಲಿ ತುಂಬಿ ಕೊಡು, ಪೊಟ್ಟಣ ನಮ್ಮ ಗಿರಣಿಯಲ್ಲಿ ಆಗುತ್ತದೆ ಎಂದ. "ಕೈ ನಿಮ್ಮವ್ವಂದಿರ್ಲಿ, ಹೆಸರು ನಮ್ಮದಿರ್ಲಿ. ಇದ್ರಾಗ ತಪ್ಪೇನದ ತಮ್ಮಾ?" ಮಾತು ಬೆಣ್ಣೆಯಂಥದ್ದು. ತಾನು ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿಯುತ್ತ ಅಂಬರೀಶನಿಗೆ ಕಾಗದದ ಕಪ್ಪಿನಲ್ಲಿ ತರಿಸಿದ್ದ. ಅಂಬರೀಶ ಅದನ್ನು ಮುಟ್ಟದೆ ಎದ್ದು ಬಂದ. ಅದೇ ದೊಡ್ಡ ಅಂಗಡಿಯಲ್ಲಿ ನಾನೇ ಮಾರುತ್ತೇನೆ ಎಂದು ಹಟ ಹಿಡಿದ. ಆದರೆ ಅಲ್ಲಿ ಪೊಟ್ಟಣದ ಮೇಲೆ ತಯಾರಿಸಿದವರ ವಿಳಾಸ ಇರಲೇಬೇಕು.

ಪಾರ್ವತೆಮ್ಮನಿಗೆ ಹಂಪಣ್ಣನ ಮಾತೇ ಹಿಡಿಸಿತ್ತು. ಬಸವಂತಮ್ಮ ಎರಡು ತಿಂಗಳಿಂದ ಕೈ ಕಟ್ಟಿ ಕೂತಿದ್ದಾಳೆ, ಸಿಟ್ಟನ್ನು ಹಂಚಿನ ಮೇಲೆ ಹಾಕಿದರೆ ರೊಟ್ಟಿಯಾಗಿ ಉಬ್ಬುವುದಿಲ್ಲ ಎಂದು ಬಸ್ಸಿನಲ್ಲಿ ಒಂದೇ ಒಂದು ಸಲ ಹೇಳಿದ್ದಳು.

ಮುಷರ್ರಫ್‌ಗೆ ಎಲ್ಲ ಅರ್ಥವಾದಂತಿತ್ತು. ದನಿ ತಗ್ಗಿಸಿದ. "ಬಸ್ ಸ್ಟ್ಯಾಂಡ್ ಹತ್ತಿರ ಅಂತ ಹಾಕಿಬಿಡ್ಲೇನು? ಎಲ್ಲಾರೂ ಹಾಕಸ್ತಾರ. ನಮ್ಮ ಅಮ್ಮಿ ತಂಗಿ, ಕುಬ್ರಾ ಬೇಗಂ ಖಾಲಾ, ಮಸಾಲಿ ಮಾಡ್ತಾಳ, ಪೊಟ್ಟಣದ ಮ್ಯಾಲ ತನ್ನ ಹೆಸರ ಇಟ್ಟಿಲ್ಲ. ವ್ಯಾಪಾರ ಭಾಯ್."

"ಹಾಕು," ಎಂದ ಅಂಬರೀಶ. ಅಂದದ್ದು ತಾನೇ ಅಂತ ಅವನಿಗೆ ನಂಬಿಕೆಯಾಗಲಿಲ್ಲ.

ಕೀಬೋರ್ಡಿನ ಕಟಕಟ ಸದ್ದು ನಿಂತಿತು. ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಪಾರ್ವತೆಮ್ಮ ಎದ್ದು ಬಂದಳು. "ಏನ್ ಬರದಿ, ಓದಪಾ."

ಮುಷರ್ರಫ್ ಓದಿದ. ಬಸ್ ಸ್ಟ್ಯಾಂಡ್ ಹತ್ತಿರ, ದೇವದುರ್ಗ.

"ಅಲ್ಲಿ ನಮ್ಮದೇನದ?"

"ಸುಮ್ನ ಯವ್ವಾ, ಹಂಗ ಹಾಕ್ತಾರ," ಎಂದ ಅಂಬರೀಶ.

"ಹಂಪಣ್ಣ ಹಾಕಿದ್ರ ಅವನ ಹೆಸರು, ಅವನ ಸುಳ್ಳು. ಇದು ನಾವ ಹಾಕೋ ಸುಳ್ಳು." ಅವಳು ಪರದೆಯ ಅಜ್ಜಿಯನ್ನು ದಿಟ್ಟಿಸಿದಳು. "ಈಕಿ ಯಾರು? ಕೈಗೆ ಒಂದ್ ಸುಟ್ಟ ಕಲಿ ಸೈತ ಇಲ್ಲ. ಅಲ್ಲಪಾ, ರುಚಿ ಹತ್ತಿ ಯಾರರ ಹುಡುಕ್ಕೊಂತ ಬಂದ್ರ, ಬಸ್ ಸ್ಟ್ಯಾಂಡಿನಾಗ ನಿಂತು ಯಾರನ್ನ ಕೇಳ್ಬೇಕು?"

"ಯಾರೂ ಬರಂಗಿಲ್ಲ ಬೇ."

"ಬರಂಗಿಲ್ಲಂದ್ರ ಖರೇ ಬರಿಯಾಕ ಏನಡ್ಡಿ?"

ಅಂಬರೀಶ ಕೀಬೋರ್ಡನ್ನು ತನ್ನ ಕಡೆ ಎಳೆದುಕೊಂಡ. ಮುಷರ್ರಫ್ ಬರೆದದ್ದನ್ನು ಅಳಿಸಿ, ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದ: ಪಾರ್ವತೆಮ್ಮ ಗಂಡ ಮೌನಪ್ಪ, ಅಂಬೇಡ್ಕರ್ ನಗರ. ಎರಡು ಸಲ ಒತ್ತಕ್ಷರ ತಪ್ಪಿತು, ಎರಡು ಸಲವೂ ತಿದ್ದಿದ. ಮುಷರ್ರಫ್ ಅಜ್ಜಿಯನ್ನು ಅಳಿಸಿದ.

ಸಂಜೆಯ ಬಸ್ಸಿನಲ್ಲಿ ಸ್ಟಿಕ್ಕರಿನ ಕಟ್ಟು ಪಾರ್ವತೆಮ್ಮನ ತೊಡೆಯ ಮೇಲಿತ್ತು. ಕಿಟಕಿಯ ಕಡೆ ಕೂತಿದ್ದ ಗಬ್ಬೂರಿನ ಒಬ್ಬ ಹೆಂಗಸು ಆಸೆಯಿಂದ ಅದನ್ನು ನೋಡಿ ಏನು ಎತ್ತ ಎಂದು ವಿಚಾರಿಸಿದಳು. ಬಣ್ಣ ಚಲೋ ಬಂದದ ಎಂದಳು. ತನ್ನ ಮಗಳು ಬಸುರಿ, ಬಾಯಿ ಕೆಟ್ಟದ ಎಂದಳು. ಫೋಟೊ ತೆಗೆಯಲೆಂದು ಒಯ್ದಿದ್ದ ಪೊಟ್ಟಣವನ್ನು ಪಾರ್ವತೆಮ್ಮ ಬಿಚ್ಚಿ, ರೊಟ್ಟಿ ಮುರಿದು, ಮೇಲೆ ಒಂದು ಚಿಟಿಕೆ ಹಿಂಡಿ ಇಟ್ಟು ಕೊಟ್ಟಳು. "ತಿಂದ್ ನೋಡ್ರಿ."

ಹೆಂಗಸು ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಇನ್ನೊಂದು ಕೈಯಿಂದ ಸ್ಟಿಕ್ಕರಿನ ಹಾಳೆ ಎತ್ತಿಕೊಂಡು ಓದತೊಡಗಿದಳು. ತುಟಿ ಅಕ್ಷರ ಅಕ್ಷರಕ್ಕೂ ಅಲುಗುತ್ತಿತ್ತು. ಕೊನೆಯ ಸಾಲಿಗೆ ಬಂದು ತುಟಿ ನಿಂತಿತು.

ಹಿಂದೆ ನಿಂತಿದ್ದ ಅಂಬರೀಶ ಮೇಲಿನ ಕಂಬಿಯನ್ನು ಬಿಗಿಯಾಗಿ ಹಿಡಿದ. ಪಾರ್ವತೆಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ಕಲ್ಮಲಾದ ಹತ್ತಿರ ಬಸ್ಸು ಗುಂಡಿಗೆ ಇಳಿದು ಎದ್ದಿತು. ರೊಟ್ಟಿಯ ಮೇಲಿನ ಹಿಂಡಿ ಕೆಂಪಗೆ ಹೆಂಗಸಿನ ಸೀರೆಯ ಮೇಲೆ ಚೆಲ್ಲಿತು. ಅವಳು ಝಾಡಿಸಿಕೊಳ್ಳಲಿಲ್ಲ. ರೊಟ್ಟಿಯ ಚೂರು ಅವಳ ಎರಡು ಬೆರಳ ನಡುವೆ ಇನ್ನೂ ಹಾಗೇ ಇತ್ತು.