ಪಾದ್ರಿ ಮತ್ತೆ ಮತ್ತೆ ತಿರುವಿದ ಮರಳುಗಡಿಯಾರ

ನಾನು ಒಂದು ಮರಳುಗಡಿಯಾರ. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಇಂಗ್ಲೆಂಡಿನ ಉತ್ತರ ಸೀಮೆಯಲ್ಲಿ, ಒಬ್ಬ ಗಾಜುಗಾರನ ಉಸಿರಿನಿಂದ ಹುಟ್ಟಿದೆ. ಅವನು ಎರಡು ಬುರುಡೆಗಳನ್ನು ಊದಿ, ಕತ್ತಿಗೆ ಕತ್ತು ಸೇರಿಸಿ, ಮೇಣ ಮೆತ್ತಿ ದಾರ ಸುತ್ತಿದ. ಮರಳುಗಡಿಯಾರವೆಂದು ಹೆಸರಾದರೂ ನನ್ನ ಹೊಟ್ಟೆಯಲ್ಲಿರುವುದು ಅವನ ಹೆಂಡತಿ ಅರೆದು ಜರಡಿ ಹಿಡಿದ ಮೊಟ್ಟೆಚಿಪ್ಪಿನ ಪುಡಿ. ಅದು ಪೂರ್ತಿ ಕೆಳಗಿಳಿಯಲು ಒಂದು ತಾಸು ಬೇಕು.

ಒಂದು ಹಳ್ಳಿಯ ಚರ್ಚಿನವರು ನನ್ನನ್ನು ಕೊಂಡು, ಪಾದ್ರಿ ನಿಂತು ಉಪದೇಶ ಮಾಡುವ ಎತ್ತರದ ಪ್ರಸಂಗಪೀಠದ ಅಂಚಿನಲ್ಲಿ ಕೂರಿಸಿದರು. ಪಾದ್ರಿ ಆಂಬ್ರೋಸ್ ಪೆಲ್ ನನ್ನನ್ನು ತಿರುವಿ ಪ್ರಸಂಗ ಶುರುಮಾಡುವರು, ಕೊನೆಯ ಕಣ ಬಿದ್ದಾಗ ಮುಗಿಸುವರು. ಅವರ ಗದ್ದವನ್ನು ನನ್ನಷ್ಟು ಹತ್ತಿರದಿಂದ, ಕೆಳಗಿನಿಂದ, ಯಾರೂ ನೋಡಿಲ್ಲ. ಸಿಟ್ಟು ಬಂದಾಗ ಮೊದಲು ಅದೇ ನಡುಗುತ್ತಿತ್ತು.

ಆ ಕಾಲಕ್ಕೆ ಕ್ವೇಕರರೆಂಬ ಹೊಸ ಭಕ್ತರು ಹುಟ್ಟಿಕೊಂಡಿದ್ದರು. ದೇವರ ಬೆಳಕು ಪ್ರತಿಯೊಬ್ಬರ ಎದೆಯಲ್ಲೂ ಇದೆ, ನಡುವೆ ಪಾದ್ರಿ ಬೇಡ ಎನ್ನುವವರು. ದೊರೆಯ ಮುಂದೆಯೂ ಟೋಪಿ ತೆಗೆಯರು, ಅವನನ್ನೂ 'ನೀನು' ಎಂದೇ ಕರೆವರು. ಪ್ರಸಂಗದ ನಡುವೆ ಬಾಯಿ ಹಾಕಿದವರಿಗೆ ಸೆರೆಮನೆ. ಮುಗಿದ ಮೇಲೆ ಪ್ರಶ್ನೆ ಕೇಳಿದರೆ ತಪ್ಪಿರಲಿಲ್ಲ.

ಅವರಲ್ಲೊಬ್ಬನಾದ ಸೈಲಸ್ ಎಂಬ ನೇಕಾರನಿಗೆ ಅಷ್ಟು ತಾಳ್ಮೆಯಿರಲಿಲ್ಲ. ನನ್ನಲ್ಲಿ ಇನ್ನೂ ಅರ್ಧ ಮರಳಿರುವಾಗಲೇ ಪ್ರಶ್ನೆ ಕೇಳಲು ಎದ್ದು ನಿಂತ. ಪಾದ್ರಿ ಅವನನ್ನು ಹಿಡಿಸಿಕೊಟ್ಟರು. ಆ ಚಳಿಗಾಲದಲ್ಲಿ ಸೆರೆಮನೆಯ ಜ್ವರ ಅವನನ್ನು ಕೊಂಡೊಯ್ಯಿತು. ಕೇಳಲಾಗದೆ ಉಳಿದ ಪ್ರಶ್ನೆಯನ್ನು ಅಕ್ಕ ಡಾರ್ಕಸ್‌ಗೆ ಒಪ್ಪಿಸಿ ಕಣ್ಣು ಮುಚ್ಚಿದ.

ಡಾರ್ಕಸ್ ಭಾನುವಾರ ಬಂದು ಹಿಂದಿನ ಕಂಬದ ಬಳಿ ನಿಂತಳು. ಅವಳ ಕಣ್ಣು ನನ್ನ ಮೇಲೇ ಇತ್ತು. ಕೊನೆಯ ಚಿಟಿಕೆ ಇಳಿಯುತ್ತಿರುವಾಗ ಪಾದ್ರಿ ಅವಳನ್ನು ಕಂಡರು, ನನ್ನನ್ನು ಥಟ್ಟನೆ ತಿರುವಿದರು. ಪ್ರಸಂಗ ಮುಗಿಯದಿದ್ದರೆ ಪ್ರಶ್ನೆಯೂ ಇಲ್ಲವಲ್ಲ! ಸಂಜೆಯವರೆಗೂ ಹೀಗೇ ನಡೆಯಿತು. ಮುಂದಿನ ವಾರವೂ ಅದೇ. ನನಗೆ ನಾಚಿಕೆಯಾಗುತ್ತಿತ್ತು. ಆದರೆ ಗಾಜು ಏನು ತಾನೇ ಮಾಡೀತು?

ಮೂರನೆಯ ಭಾನುವಾರ ಎರಡನೆಯ ತಿರುವಿಗೆ ಜನ ಕೆಮ್ಮಿದರು, ಮೂರನೆಯದಕ್ಕೆ ಎದ್ದು ಊಟಕ್ಕೆ ಹೋದರು. ಗಂಟೆ ಹೊಡೆಯುವ ಮುದುಕ ಜೋಬ್ ಅವಳ ಕಿವಿಯಲ್ಲಿ ಹೇಳಿದ: "ಅಯ್ಯನೋರು ತಿರುಗಿಸ್ತಾನೇ ಇರ್ತಾರೆ ತಾಯಿ. ಮನೇಲಿ ಗಂಜಿ ತಳ ಹತ್ತುತ್ತೆ, ಹೋಗು."

"ಹತ್ತಲಿ ಬಿಡು ಜೋಬ್. ತಿಕ್ಕಿ ತೊಳ್ಕೋತೀನಿ."

ನಾಲ್ಕನೆಯ ತಿರುವಿಗೆ ಪಾದ್ರಿಯ ಗಂಟಲು ಕಟ್ಟಿತು. ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಡಾರ್ಕಸ್ ಹೊರಗಿನ ಬಾವಿಯಿಂದ ಒಂದು ತಂಬಿಗೆ ನೀರು ತಂದು ಮೇಲಕ್ಕೆ ಚಾಚಿದಳು.

"ಕುಡಿ, ಆಂಬ್ರೋಸ್. ಮರಳು ಇನ್ನೂ ಇದೆ. ನಾನು ಕಾಯ್ತೀನಿ."

ಅವರು ಕುಡಿದರು. ಆಮೇಲೆ ನನ್ನನ್ನು ಎತ್ತಿ ಪೀಠದ ಮೇಲೆ ಅಡ್ಡ ಮಲಗಿಸಿದರು. ಹುಟ್ಟಿದಾಗಿನಿಂದ ಮೊದಲ ಬಾರಿ ನನ್ನೊಳಗಿನ ಮರಳು ನಡುವೆಯೇ ನಿಂತಿತು.

"ಕೇಳು," ಎಂದರು.

"ನನ್ನ ತಮ್ಮನ ಮಾತು ಇದು. ಪ್ರವಾದಿಗಳ ಕಾಲ ಮುಗೀತು ಅಂತ ದೇವರು ಮಾತಾಡೋದನ್ನ ಬಿಟ್ಟನೋ, ಇಲ್ಲಾ ನಾವೇ ಕೇಳಿಸ್ಕೊಳ್ಳೋದನ್ನ ಬಿಟ್ವೋ?"

ಪಾದ್ರಿಯ ಗದ್ದ ನಡುಗಿತು. ಅಂದು ಅದು ಸಿಟ್ಟಿಗಲ್ಲವೆಂದು ನಾನು ಬಲ್ಲೆ.

"ಗೊತ್ತಿಲ್ಲ, ಡಾರ್ಕಸ್. ಅವನ ಮಾತನ್ನ ಅವತ್ತೇ ಕೇಳ್ಬೇಕಾಗಿತ್ತು."

ಅವಳು ಬೆಂಚಿನ ತುದಿಯಲ್ಲಿ ಕುಳಿತು ಅತ್ತಳು. ಅವರು ಕೆಳಗಿಳಿದು ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತರು.

ಪಾದ್ರಿ ಪಾದ್ರಿಯಾಗಿಯೇ ಉಳಿದರು, ಅವಳು ಕ್ವೇಕರಳಾಗಿಯೇ. ಆದರೆ ಅವರು ನನ್ನನ್ನು ಮತ್ತೆಂದೂ ಎರಡು ಸಲ ತಿರುವಲಿಲ್ಲ. ಚರ್ಚಿಗೆ ಗಂಟೆಯ ಗಡಿಯಾರ ಬಂದಾಗ ನನ್ನನ್ನು ಅವಳ ಮನೆಗೆ ಕಳುಹಿಸಿಕೊಟ್ಟರು.

ಅಂದಿನಿಂದ ಆ ಮನೆಯ ಕಿಟಕಿಯಲ್ಲಿ ಅಡ್ಡ ಮಲಗಿದ್ದೇನೆ. ದಾರ ಲಡ್ಡು ಹಿಡಿದಿದೆ, ಮೇಣ ಬಿರುಕು ಬಿಟ್ಟಿದೆ. ಡಾರ್ಕಸ್ ಇದ್ದಾಗ ಕ್ವೇಕರರು ಅಲ್ಲಿ ಸೇರಿ, ಎದೆಯೊಳಗಿನ ದೇವರ ಮಾತಿಗೆ ಕಿವಿಗೊಟ್ಟು, ಮೌನವಾಗಿ ಕೂರುತ್ತಿದ್ದರು. ಹೊಸಬನೊಬ್ಬ ಒಮ್ಮೆ ಪಿಸುಗುಟ್ಟಿದ: "ಎಷ್ಟು ಹೊತ್ತು ಕೂರ್ಬೇಕು?"

ಡಾರ್ಕಸ್ ನನ್ನತ್ತ ಕೈ ತೋರಿಸಿ ನಕ್ಕಳು. "ಅದನ್ನೇ ಕೇಳು."

ಅವನು ನನ್ನನ್ನು ನೋಡಿದ. ನನ್ನ ಮರಳು ಅಲ್ಲಾಡಲಿಲ್ಲ.