ಫಿಲ್ಟರ್ ಇದ್ದ ಅರ್ಧ

ಕಾಸಿಮಾಲಿಯಣ್ಣ ಇಡೀ ಸಿಗರೇಟೊಂದನ್ನು ಒಬ್ಬನೇ ಸೇದಿದ್ದನ್ನು ನಾನು ನೋಡಿದ್ದಿಲ್ಲ. ಪ್ಯಾಕಿನಿಂದ ಒಂದನ್ನು ತೆಗೆದು, ಹೆಬ್ಬೆರಳಿನ ಉಗುರಿನಿಂದ ನಟ್ಟನಡುವೆ ಒತ್ತಿ ಎರಡು ತುಂಡು ಮಾಡಿ, ಫಿಲ್ಟರ್ ಇದ್ದ ಅರ್ಧವನ್ನು ಬಲಗಡೆಗೆ, ತಮ್ಮ ತಾಲಿಪನತ್ತ ಚಾಚಿ, ಬೋಳು ಅರ್ಧವನ್ನು ತನ್ನ ತುಟಿಗೆ ಇಟ್ಟುಕೊಳ್ಳುತ್ತಿದ್ದ. ಗಾಳಿ ಬೀಸುವ ಘಟ್ಟದ ಮೇಲೂ, ಗಾಳಿಯ ಸುಳಿವೇ ಇಲ್ಲದ ನಮ್ಮ ಮನೆಯ ಒಲೆಯ ಪಕ್ಕದಲ್ಲೂ, ಅದನ್ನು ಅಂಗೈಯೊಳಗೆ ಮುಚ್ಚಿಕೊಂಡೇ ಸೇದುವುದು ಅವನ ರೂಢಿ. ಇಪ್ಪತ್ತೆಂಟು ವರ್ಷ ಅಣ್ಣತಮ್ಮಂದಿರಿಬ್ಬರೂ ಒಂದೇ ಲಾರಿಯಲ್ಲಿ ಕಾರಾಕೆಚೆಯ ಗಣಿಯಿಂದ ಕಲ್ಲಿದ್ದಲು ತುಂಬಿಕೊಂಡು, ಕಿಝಾರ್ಟ್ ಘಟ್ಟ ಇಳಿದು, ನಮ್ಮ ಕೊಚ್ಕೋರಿಗೆ ಬರುತ್ತಿದ್ದರು.

ನೆಲದ ಮೇಲೆ ನಡೆಯುವಾಗಲೂ ಅವನದು ಈಗಷ್ಟೇ ಲಾರಿಯಿಂದ ಇಳಿದವನ ನಡಿಗೆ. ಕಾಲು ಅಗಲಿಸಿ, ಒಂದು ಭುಜ ಮುಂದೆ ಮಾಡಿ, ಎದುರಿಗೆ ಬಂದವರೇ ಪಕ್ಕಕ್ಕೆ ಸರಿಯಬೇಕು. ಬೇಸಿಗೆಯಲ್ಲೂ ಕಳಚದ ಕುರಿಚರ್ಮದ ಕೋಟು, ಅದರ ಒಳಜೇಬಿನಲ್ಲಿ ಒಂದು ನೋಟ್‌ಬುಕ್. ನಮ್ಮ ಕಣಿವೆಯ ಮನೆತನಗಳ ವಂಶಾವಳಿಯೆಲ್ಲ ಅದರಲ್ಲಿತ್ತು. ಎಲ್ಲಿ ಹೆಣ್ಣುಗಂಡಿನ ಮಾತು ಎದ್ದರೂ ಮೊದಲು ಅವನನ್ನು ಕರೆಸುತ್ತಿದ್ದರು. ಏಳು ತಲೆಮಾರಿನ ತಂದೆಯರಲ್ಲಿ ಒಂದೇ ಹೆಸರು ಎರಡೂ ಕಡೆ ಬಂದರೆ ಸಂಬಂಧ ಮುರಿದಂತೆಯೇ. ತೀರ್ಪು ಕೊಟ್ಟ ಮೇಲೆ ಅವನ ಬಾಯಿಂದ ತಪ್ಪದೆ ಬರುತ್ತಿದ್ದ ಮಾತು ಒಂದೇ: "ಬೇಕಾದ್ರೆ ಎಣಿಸ್ಕೊ." ಆ ನೋಟ್‌ಬುಕ್ಕನ್ನು ಅಂದವಾದ ಅಕ್ಷರದಲ್ಲಿ ಮತ್ತೆ ಬರೆದುಕೊಟ್ಟವನು ಶಾಲೆಯ ಮೇಷ್ಟ್ರಾದ ನಾನೇ. ನಾಲ್ಕುನೂರಕ್ಕೂ ಮಿಕ್ಕಿದ ಹೆಸರುಗಳಲ್ಲಿ ಒಂದೂ ಹೆಂಗಸಿನದಲ್ಲ ಎಂಬುದು ಬರೆಯುವಾಗ ನನಗೆ ಕಾಣಲೇ ಇಲ್ಲ.

ತನ್ನ ಏಳು ತಂದೆಯರ ಬಗ್ಗೆ ಅವನಿಗಿದ್ದ ಅಭಿಮಾನ ಅಷ್ಟಿಷ್ಟಲ್ಲ. ತಂದೆ ಸತಾರನಿಂದ ಹಿಡಿದು ಏಳನೆಯವನಾದ ಚೊಕೊವರೆಗೆ ಎಲ್ಲರೂ ಹೊಗೆ ಸೇದಿದವರೇ, ಕೆಮ್ಮಿ ಸತ್ತವರು ಒಬ್ಬರೂ ಇಲ್ಲ ಎಂದು ಅವನ ವಾದ. ಚೊಕೊವಿನ ಕಾಲಕ್ಕೆ ಈ ಕಣಿವೆಗೆ ತಂಬಾಕು ಬಂದಿತ್ತೇ ಎಂದು ಒಮ್ಮೆ ಕೆಣಕಿದೆ.

"ಬಂದಿರ್ಲಿಲ್ಲ ಅನ್ನೋಕೆ ನೀನು ಅಲ್ಲಿದ್ದೆಯೇನೋ ಮೇಷ್ಟ್ರೇ?" ಎಂದು ನನ್ನ ಬಾಯಿ ಮುಚ್ಚಿಸಿದ.

ತಾಲಿಪ ಸೈನ್ಯದಿಂದ ಮರಳಿದ ದಿನ ಅವನ ಕೈಗೆ ಮೊದಲ ಅರ್ಧವನ್ನು ಕೊಟ್ಟದ್ದೂ ಇದೇ ಅಭಿಮಾನದಿಂದ: "ತಗೊಳ್ಳೋ. ಏಳು ತಂದೆಯರಿಗೆ ಆಗದೆ ಇದ್ದದ್ದು ನಿನಗೇನಾಗುತ್ತೆ?"

ಅಣ್ಣತಮ್ಮಂದಿರಿಗೆ ತಂದೆ ಒಬ್ಬನೇ, ತಾಯಂದಿರು ಬೇರೆ. ಕಾಸಿಮಾಲಿಯ ತಾಯಿ ಬೇಗ ತೀರಿಕೊಂಡ ಮೇಲೆ ಸತಾರ್ ಘಟ್ಟದಾಚೆಯ ಜುಮ್ಗಾಲಿನಿಂದ ಸೋನುನ್ ಎಂಬುವಳನ್ನು ಮದುವೆಯಾಗಿ ತಂದ. ತಾಲಿಪ ಅವಳ ಮಗ. ಮಲತಾಯಿಯ ಮಗನೆಂಬ ಮಾತನ್ನು ಯಾರಾದರೂ ಆಡಿದರೆ ಕಾಸಿಮಾಲಿ ಜಗಳಕ್ಕೇ ನಿಲ್ಲುತ್ತಿದ್ದ. ಒಂದೇ ಲಾರಿ, ಒಂದೇ ಕಲ್ಲಿದ್ದಲಿನ ಧೂಳು, ಒಂದೇ ಪ್ಯಾಕು. ಆದರೆ ಅಣ್ಣನಿಗೆ ಅರ್ಧ ಸಾಕಾಗುತ್ತಿತ್ತು, ತಮ್ಮನಿಗೆ ಸಾಲುತ್ತಿರಲಿಲ್ಲ. ತಾಲಿಪ ಬೆರಳು ಸುಡುವವರೆಗೆ ಒಳಗೆಳೆದುಕೊಂಡು, ಅಣ್ಣ ಲಾರಿಯ ಚಕ್ರ ನೋಡಲು ಇಳಿದಾಗ ಮತ್ತೊಂದು ಹಚ್ಚುತ್ತಿದ್ದ. ಮಗಳು ಜಿಪಾರ್ ಹುಟ್ಟಿದಾಗ ಬಿಡುತ್ತೇನೆಂದು ಮಾತು ಕೊಟ್ಟು, ನಾಲ್ಕನೆಯ ದಿನ ಕೈ ನಡುಗಿ, ಐದನೆಯ ದಿನ ನನ್ನ ಮನೆಗೇ ಬಂದು ಒಂದು ಬೇಡಿದ. ಆಗ ಕಾಸಿಮಾಲಿ ಹತ್ತು ಜನರ ಎದುರು ನಕ್ಕು ಹೇಳಿದ್ದ: "ನೀನೂ ಒಬ್ಬ ಗಂಡಸೇನೋ! ನಾನು ಬೇಕಂದ್ರೆ ಇವತ್ತೇ ಬಿಡ್ತೀನಿ." ತಾಲಿಪನೂ ನಗಲು ನೋಡಿದ, ಅವನ ಕಣ್ಣು ನಗಲಿಲ್ಲ.

ತಾಲಿಪನಿಗೆ ಐವತ್ತೊಂದರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು. ಅರವತ್ತು ದಾಟಿದ ಕಾಸಿಮಾಲಿಯ ಎದೆಯ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಆಸ್ಪತ್ರೆಯಲ್ಲಿ ನಾಝಿರಾ ಎಂಬ ಡಾಕ್ಟರಮ್ಮ ಇಂಥ ರೋಗಿಗಳ ಮತ್ತು ಮನೆಯವರ ರಕ್ತವನ್ನು ಒಂದು ಅಧ್ಯಯನಕ್ಕಾಗಿ ಕೂಡಿಸುತ್ತಿದ್ದಳು. ಮನೆತನದ ವಿವರ ಕೇಳಿದಾಗ ಕಾಸಿಮಾಲಿ ನೋಟ್‌ಬುಕ್ ತೆಗೆದು, ಎದೆ ಸೆಟೆದು, ಏಳು ಹೆಸರುಗಳನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಜೊತೆಗಿದ್ದ ನನಗೂ ಆ ಕ್ಷಣದಲ್ಲಿ ಹೆಮ್ಮೆಯೆನಿಸಿತು.

"ಸರಿ ಅಣ್ಣಾ. ತಾಲಿಪ್ ಅವರ ತಾಯಿ ಕಡೆಯವರು?"

"ಜುಮ್ಗಾಲಿನವರು."

"ಅವರ ಮನೇಲಿ ಯಾರ‍್ಯಾರು ಇದ್ರು? ಹೇಗೆ ತೀರ್ಕೊಂಡ್ರು?"

ಕಾಸಿಮಾಲಿ ಪುಟ ತಿರುವಿದ, ಮತ್ತೆ ತಿರುವಿದ. ಸೋನುನ್ ತೀರಿಕೊಂಡು ವರ್ಷಗಳಾಗಿದ್ದವು; ಅವಳ ತಾಯಿಯ ಹೆಸರೂ ಅವನಿಗೆ ಗೊತ್ತಿರಲಿಲ್ಲ.

ಡಾಕ್ಟರಮ್ಮ ಮೆಲ್ಲಗೆ ವಿವರಿಸಿದಳು. "ಸೇದೋರಿಗೆಲ್ಲ ಅಪಾಯ ಇದ್ದೇ ಇದೆ. ಆದ್ರೆ ಕೆಲವರಿಗೆ ವಂಶವಾಹಿಯಲ್ಲಿ ಹುಟ್ತಾನೇ ಬಂದ ಸಣ್ಣ ವ್ಯತ್ಯಾಸ ಇರುತ್ತೆ. ಅಂಥೋರನ್ನ ಚಟ ಬಿಗಿಯಾಗಿ ಹಿಡಿಯುತ್ತೆ, ಈ ಕಾಯಿಲೆ ಬರೋ ಸಾಧ್ಯತೆನೂ ಹೆಚ್ಚು. ಅದು ಅಪ್ಪನಿಂದಲೂ ಬರಬಹುದು, ಅಮ್ಮನಿಂದಲೂ ಬರಬಹುದು. ಇವರಿಗೆ ಅದೇ ಕಾರಣ ಅಂತ ನಾನು ಆಣೆ ಮಾಡಿ ಹೇಳಲಾರೆ, ಅದಿಲ್ಲದವರಿಗೂ ಬರುತ್ತೆ. ಒಂದಂತೂ ನಿಜ, ಅವರು ಸೇದದೇ ಇದ್ದಿದ್ರೆ ಇಷ್ಟು ಭಯ ಪಡೋ ಹಾಗಿರ್ಲಿಲ್ಲ."

"ಹಂಗಾದ್ರೆ ಅವನು ಬಿಡೋಕಾಗ್ದೆ ನಡುಗಿದ್ದು..."

"ಗಂಡಸ್ತನದ ಮಾತಲ್ಲ ಅಣ್ಣಾ ಅದು," ಎಂದಳು. ಅವನು ತಮ್ಮನನ್ನು ಹಂಗಿಸಿದ್ದು ಅವಳಿಗೆ ಹೇಗೆ ಗೊತ್ತಿರಬೇಕು? ಗೊತ್ತಿಲ್ಲದೆಯೇ ಆಡಿದ ಆ ಮಾತಿಗೆ ಅವನು ತಲೆ ತಗ್ಗಿಸಿದ.

ಮರುದಿನವೇ ನನ್ನನ್ನೂ ಕರೆದುಕೊಂಡು ಜುಮ್ಗಾಲಿಗೆ ಹೊರಟ. ಇಪ್ಪತ್ತೆಂಟು ವರ್ಷ, ವಾರಕ್ಕೆ ಎರಡು ಬಾರಿ, ಹಾರ್ನ್ ಬಾರಿಸಿ ದಾಟಿಹೋದ ಊರದು. ಸೋನುನಳ ತವರಿನ ಬಾಗಿಲಲ್ಲಿ ಒಮ್ಮೆಯೂ ಲಾರಿ ನಿಂತಿರಲಿಲ್ಲ. ಆ ಮನೆಯಲ್ಲಿ ಬದುಕಿ ಉಳಿದ ಒಬ್ಬಳು ಮುದುಕಿ ಹೇಳಿದ್ದು ಇಷ್ಟು: ಸೋನುನಳ ಮೂವರು ಅಣ್ಣಂದಿರೂ ಸೇದುವವರು, ಮೂವರೂ ಅರವತ್ತು ಕಾಣದೆ ಎದೆರೋಗದಲ್ಲಿ ಹೋದರು; ಯಾವ ಎದೆರೋಗ ಎಂದು ಆಗ ಕೇಳಿದವರಿಲ್ಲ. ಮರಳಿ ಬರುವಾಗ ಘಟ್ಟದ ಮೇಲೆ ಅವನು ಅತ್ತುಬಿಟ್ಟ. "ಒಳ್ಳೆ ಅರ್ಧ ಅವನಿಗೇ ಕೊಡ್ತಿದ್ನಲ್ಲೋ ಮೇಷ್ಟ್ರೇ. ಅವನು ಚಿಕ್ಕೋನು ಅಂತ ಒಳ್ಳೆದನ್ನೇ ಕೊಡ್ತಿದ್ನಲ್ಲೋ." ಫಿಲ್ಟರ್ ಇದ್ದರೂ ಇಲ್ಲದಿದ್ದರೂ ವಿಷ ವಿಷವೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ತಾಲಿಪನಿಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದನಂತೆ. ಆಗ ತಾಲಿಪ ದಿಂಬಿಗೊರಗಿ, ಉಸಿರು ಕೂಡಿಸಿಕೊಂಡು ಅಂದದ್ದನ್ನು ಕಾಸಿಮಾಲಿಯೇ ನನಗೆ ತಿಳಿಸಿದ: "ಎಲ್ಲದರಲ್ಲೂ ಅರ್ಧ ನಿಂದು, ಅರ್ಧ ನಂದು ಅಂತಿದ್ದೆ. ಕಾಯಿಲೆ ಮಾತ್ರ ಪೂರ್ತಿ ನಂಗೇ ಬಿಟ್ಟೆಯಲ್ಲೋ ಅಣ್ಣಾ." ತಮಾಷೆಗೆ ಆಡಿದ ಮಾತು. ಅದಾದ ಹನ್ನೊಂದನೆಯ ದಿನ ತಾಲಿಪ ತೀರಿಕೊಂಡ.

ನಲವತ್ತನೆಯ ದಿನದ ಊಟಕ್ಕೆ ಕಣಿವೆಯೆಲ್ಲ ಸೇರಿತ್ತು. ಕಾಸಿಮಾಲಿ ತಮ್ಮನ ಏಳು ತಂದೆಯರನ್ನು ಹೇಳಿದ; ಜನ ಪ್ರಾರ್ಥನೆಗೆ ಕೈಯೆತ್ತಬೇಕು, ಅವನು ನಿಲ್ಲಿಸಲಿಲ್ಲ. "ತಾಯಿ ಸೋನುನ್. ಅವಳ ತಾಯಿ ಕಾಲಿಪಾ. ಅವಳ ತಾಯಿ..." ಅಲ್ಲಿಗೆ ತಡವರಿಸಿ ಹೆಂಗಸರು ಕೂತ ಕಡೆ ನೋಡಿದ. "ಯಾರಿಗಾದ್ರೂ ಗೊತ್ತೇನ್ರವ್ವಾ?" ಜುಮ್ಗಾಲಿನಿಂದ ಬಂದಿದ್ದ ಆ ಮುದುಕಿ ಹಿಂದಿನ ಸಾಲಿನಿಂದ ಸಣ್ಣ ದನಿಯಲ್ಲಿ "ಬರ್ಮೆತ್" ಎಂದಳು. ಅಲ್ಲಿಂದ ಮೇಲೆ ಅವಳಿಗೂ ತಿಳಿದಿರಲಿಲ್ಲ.

ಊಟದ ನಂತರ ಕೊಟ್ಟಿಗೆಯ ಹಿಂದೆ, ರಾಜಧಾನಿ ಬಿಷ್ಕೆಕ್ಕಿನಲ್ಲಿ ಹೊಲಿಗೆ ಕೆಲಸ ಮಾಡುವ ಜಿಪಾರ್, ತಾಲಿಪನ ಮಗಳು, ನಿಂತಿದ್ದಳು. ಅಂಗೈ ಮುಚ್ಚಿತ್ತು, ಬೆರಳ ಸಂದಿಯಿಂದ ಹೊಗೆ ಬರುತ್ತಿತ್ತು. ಅದು ನನ್ನ ಜೊತೆಗಿದ್ದ ಕಾಸಿಮಾಲಿಯದೇ ವರಸೆ. ಬೈಯುತ್ತಾನೆಂದುಕೊಂಡೆ.

"ನಿಮ್ಮಪ್ಪನಿಗೆ ಕಲಿಸಿದ್ದು ನಾನೇ ಕಣವ್ವ. ನೀನಾದ್ರೂ ಬಿಡು."

"ನೀವು ಬಿಟ್ರಾ ದೊಡ್ಡಪ್ಪಾ?"

ಕಾಸಿಮಾಲಿ ಕೋಟಿನ ಜೇಬಿನಿಂದ ಪ್ಯಾಕು ತೆಗೆದು ಅವಳ ಕೈಗಿಟ್ಟ. "ಹಂಗಿಸಬೇಡ, ಇವತ್ತಿಗೆ ಬಿಟ್ಟೆ. ನಡುಗಿದ್ರೆ ಫೋನ್ ಮಾಡು. ನಾನೂ ಮಾಡ್ತೀನಿ."

ಪ್ರತಿ ಶುಕ್ರವಾರ ಈಗ ಅವರಿಬ್ಬರ ಫೋನು. ಕೆಲವು ವಾರ ಜಿಪಾರ್ "ಒಂದು ಸೇದಿದೆ" ಎನ್ನುತ್ತಾಳೆ, ಇವನು "ಆಗ್ಲಿ, ನಾಳೆ ನೋಡೋಣ" ಎನ್ನುತ್ತಾನೆ. ಅವಳ ರಕ್ತದಲ್ಲಿ ಏನಿದೆಯೆಂದು ಯಾರಿಗೂ ಗೊತ್ತಿಲ್ಲ. ಅಧ್ಯಯನಕ್ಕೆ ಕೊಟ್ಟ ರಕ್ತದ ಫಲಿತಾಂಶವನ್ನು ಒಬ್ಬೊಬ್ಬರಿಗೆ ತಿಳಿಸುವುದಿಲ್ಲವಂತೆ.

ವಂಶ ಎಣಿಸುವ ಇಂಥವರು ನಮ್ಮಲ್ಲಿ ಊರಿಗೊಬ್ಬರಾದರೂ ಇದ್ದಾರೆ. ಹಿಂದಿನವರು ಬಿಟ್ಟುಹೋದದ್ದೆಲ್ಲ ತಮಗೆ ಕಂಠಪಾಠವೆಂದು ನಂಬಿ, ತಾವು ಮುಂದಿನವರ ಕೈಗೆ ಇಡುತ್ತಿರುವುದೇನೆಂದು ನೋಡುವುದಿಲ್ಲ, ಇಡುವುದಂತೂ ಪ್ರೀತಿಯಿಂದಲೇ. ನಿನ್ನೆ ಕಾಸಿಮಾಲಿಯಣ್ಣ ನಮ್ಮ ಮನೆಗೆ ಬಂದಿದ್ದ. ಸಿಗರೇಟಿನ ಬದಲು ಈಗ ಜೇಬಿನಲ್ಲಿ ಕುರುತ್, ಒಣಗಿಸಿದ ಮೊಸರಿನ ಉಂಡೆ. ಒಂದನ್ನು ತೆಗೆದು ಉಗುರಿನಿಂದ ಒತ್ತಿ ಎರಡು ಮಾಡಿ, ದೊಡ್ಡ ಚೂರನ್ನು ಬಲಗಡೆಗೆ ಚಾಚಿದ. ಬಲಗಡೆ ಯಾರೂ ಇರಲಿಲ್ಲ.